ಬಾಗಿಲ ಮೇಲಿನ ಮೂರು ಅಕ್ಷರ

ಮಹಾರಾಷ್ಟ್ರದಲ್ಲಿ ಈಗ ನಲವತ್ತರ ಆಸುಪಾಸಿನಲ್ಲಿರುವವರನ್ನು, ಚಿಕ್ಕಂದಿನಲ್ಲಿ ಯಾವುದಕ್ಕೆ ಹೆದರುತ್ತಿದ್ದಿರಿ ಎಂದು ಕೇಳಿ ನೋಡಿ. ಬಹಳ ಮಂದಿ ತಾತ್ಯಾ ವಿಂಚೂನ ಹೆಸರು ಹೇಳುತ್ತಾರೆ. ಹೇಳಿದ ಮರುಗಳಿಗೆಯೇ ನಗುತ್ತಾರೆ. ಹೆದರಿಕೆಯನ್ನೂ ನಗುವನ್ನೂ ಒಂದೇ ಉಸಿರಿನಲ್ಲಿ ಹುಟ್ಟಿಸುವ ಈ ತಾತ್ಯಾ ಒಂದು ಗೊಂಬೆ. 1993ರಲ್ಲಿ ಮಹೇಶ್ ಕೋಠಾರೆಯವರು ನಿರ್ದೇಶಿಸಿದ ‘ಝಪಾಟಲೇಲಾ’ ಎಂಬ ಮರಾಠಿ ಚಿತ್ರದ ಖಳನಾಯಕ. ಚಿತ್ರದ ಹೆಸರಿಗೆ ದೆವ್ವ ಮೆಟ್ಟಿದವನು ಎಂದರ್ಥ. ನಮ್ಮ ಕಡೆಯ ಹಿರಿಯರು ‘ಗಾಳಿ ಸೋಕಿದವನು’ ಎನ್ನುತ್ತಿದ್ದರಲ್ಲ, ಅದೇ. ವಿಂಚೂ ಎಂದರೆ ಚೇಳು. ಈ ಚೇಳು ತಾತ್ಯಾ ಮೊದಲಿಗೆ ಮನುಷ್ಯನೇ, ಪಾತಕಿ. ಮಂತ್ರವಾದಿಯೊಬ್ಬನಿಂದ ಮೃತ್ಯುಂಜಯ ಮಂತ್ರವನ್ನು ಪಡೆದ ಈತ ಪೊಲೀಸನ ಗುಂಡಿಗೆ ಸಾಯುವ ಗಳಿಗೆಯಲ್ಲಿ ಕೈಗೆಟುಕಿದ ಗೊಂಬೆಯೊಳಕ್ಕೆ ತನ್ನ ಜೀವವನ್ನು ದಾಟಿಸಿಬಿಡುತ್ತಾನೆ. ಆ ಗೊಂಬೆ ಲಕ್ಷ್ಯಾ ಎಂಬ ಮುಗ್ಧ ತರುಣನ ಕೈ ಸೇರುತ್ತದೆ. ಅಲ್ಲಿಂದ ಮುಂದೆ ಕೊಲೆಗಳು ಗೊಂಬೆಯವು, ಅಪವಾದ ಲಕ್ಷ್ಯಾನದು.

ಲಕ್ಷ್ಯಾನಾಗಿ ನಟಿಸಿದವರು ಲಕ್ಷ್ಮೀಕಾಂತ್ ಬೇರ್ಡೆ. ಹಾಲಿವುಡ್ಡಿನಲ್ಲಿ 1988ರಲ್ಲಿ ಬಂದ ‘ಚೈಲ್ಡ್ಸ್ ಪ್ಲೇ’ ಚಿತ್ರದ ಚಕಿ ಎಂಬ ಗೊಂಬೆಯೇ ತಾತ್ಯಾನ ಮೂಲ ಎಂಬುದು ಎರಡೂ ಚಿತ್ರ ನೋಡಿದವರಿಗೆಲ್ಲ ತಿಳಿದ ವಿಷಯ. ಆದರೆ ಚಕಿ ಅಂಗಡಿಯ ಆಟಿಕೆ. ತಾತ್ಯಾ ಮಾತನಾಡುವ ಗೊಂಬೆ. ತುಟಿ ಅಲುಗಿಸದೆ ಗೊಂಬೆಯ ಬಾಯಿಂದ ಮಾತು ಹೊರಡಿಸುವ ಕಲೆಯನ್ನು ಮರಾಠಿಗರು ‘ಶಬ್ದಭ್ರಮ’ ಎನ್ನುತ್ತಾರೆ. ಆ ಕಲೆಗೆ ಇಲ್ಲಿ ಒಂದು ಮನೆತನವೇ ಇದೆ. ಯಶವಂತ ಪಾಧ್ಯೆಯವರು ರೂಪಿಸಿದ ಅರ್ಧವಟರಾವ್ ಎಂಬ ಗೊಂಬೆ ನೂರು ವರ್ಷ ದಾಟಿದೆ. ಅವರ ಮಗ ರಾಮದಾಸ್ ಪಾಧ್ಯೆಯವರೇ ತಾತ್ಯಾನನ್ನು ಮಾಡಿ ಆಡಿಸಿದವರು. ತಾತ್ಯಾನಿಗೆ ಕಂಠ ಕೊಟ್ಟವರು ದಿಲೀಪ್ ಪ್ರಭಾವಳ್ಕರ್. 2006ರಲ್ಲಿ ‘ಲಗೇ ರಹೋ ಮುನ್ನಾಭಾಯಿ’ಯಲ್ಲಿ ಗಾಂಧೀಜಿಯಾಗಿ ಮೆಲುದನಿಯಲ್ಲಿ ಮಾತನಾಡಿದವರೂ ಅವರೇ. ಮಂತ್ರವಾದಿ ಬಾಬಾ ಚಮತ್ಕಾರನ ಪಾತ್ರ ರಾಘವೇಂದ್ರ ಕಡಕೋಳ್ ಅವರದು. ಆ ಅಡ್ಡಹೆಸರನ್ನು ಕೇಳಿದಾಗಲೆಲ್ಲ ನಮ್ಮ ಕಡೆಯ ಕಡಕೋಳ ಎಂಬ ಊರುಗಳು ನೆನಪಾಗಿ, ಈ ಚಿತ್ರದಲ್ಲಿ ನಮಗೂ ಒಂದು ಎಳೆಯ ನಂಟಿದೆಯೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಈ ಪೀಠಿಕೆಯೆಲ್ಲ ಏಕೆಂದರೆ, ಕಳೆದ ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ತಾತ್ಯಾ ವಿಂಚೂ ಹುಟ್ಟುತ್ತಲೇ ಇದ್ದಾನೆ. ಗೇಣುದ್ದದವನು, ಬೆರಳುದ್ದದವನು, ಕತ್ತಿ ಹಿಡಿದವನು, ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕುಳಿತವನು. ಮಾಡುವವಳು ನನ್ನ ಮಗಳು. ಅವಳ ಪ್ರಾಯದವರಲ್ಲಿ ಇದೊಂದು ದೊಡ್ಡ ಹವ್ಯಾಸ. ತಮಗೆ ಮೆಚ್ಚಿನ ಚಿತ್ರದ ಪಾತ್ರಗಳ ಪುಟ್ಟ ಪ್ರತಿಮೆಗಳನ್ನು ಸಂಗ್ರಹಿಸುತ್ತಾರೆ. ಅಂಗಡಿಯಲ್ಲಿ ಸಿಗದಿದ್ದರೆ ತಾವೇ ಮಾಡಿಕೊಳ್ಳುತ್ತಾರೆ. ಚಕಿಯ ಪ್ರತಿಮೆಗಳನ್ನು ಅಮೆರಿಕದ ಕಂಪನಿಗಳು ಬಗೆಬಗೆಯಾಗಿ ಮಾಡಿ ಮಾರುತ್ತವೆ. ತನಗೆ ಬೇಕಾದ ಭಂಗಿಯ, ಬೇಕಾದ ಅಳತೆಯ ತಾತ್ಯಾ ಬೇಕೆಂದರೆ ಕೈ ಕೆಸರು ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ಅವಳು ಇವನ್ನು ಮಾರುವುದಿಲ್ಲ. ಪಾತ್ರ ಇನ್ನೊಬ್ಬರ ಸೃಷ್ಟಿ, ತನ್ನದು ಕೈಕೆಲಸ ಮಾತ್ರ ಎಂಬುದು ಅವಳ ಲೆಕ್ಕ. ತನ್ನ ಶೆಲ್ಫಿಗೆ ಒಂದು, ಗೆಳತಿಯರ ಹುಟ್ಟುಹಬ್ಬಕ್ಕೆ ಒಂದು, ಅಷ್ಟೆ.

ನಾನು ಹಾಸನ ಬಿಟ್ಟು ಈ ಕಡೆ ಬಂದದ್ದು 1996ರಲ್ಲಿ. ಅಂದಿನಿಂದ ಇಂದಿನವರೆಗೆ ಅನ್ನ ಮಹಾಪೆಯದು. ಠಾಣೆ–ಬೇಲಾಪುರ ರಸ್ತೆಯಿಂದ ಪೂರ್ವಕ್ಕೆ ಹೊರಳಿ ಪಾರಸಿಕ್ ಗುಡ್ಡದ ಬುಡಕ್ಕೆ ಬಂದರೆ ಸಿಗುವ ಎಂ.ಐ.ಡಿ.ಸಿ. ಶೆಡ್ಡುಗಳ ಸಾಲಿನಲ್ಲಿ, ಪ್ಲಾಸ್ಟಿಕ್ ಸಾಮಾನುಗಳಿಗೆ ಉಕ್ಕಿನ ಅಚ್ಚು ಮಾಡುವ ಒಂದು ವರ್ಕ್‌ಶಾಪ್ ನನ್ನದು. ಅಂದರೆ ನಾನು ದುಡಿಯುವುದು. ಬಾಟಲಿಯ ಮುಚ್ಚಳ, ಸ್ವಿಚ್ಚಿನ ಡಬ್ಬಿ, ಟಿಫಿನ್ ಡಬ್ಬಿಯ ಚಿಲಕ, ಇವುಗಳ ಹೊಟ್ಟೆಯನ್ನು ಉಕ್ಕಿನಲ್ಲಿ ಕೊರೆಯುವ ಕೆಲಸ. ಮಹಾಪೆ ಈಗ ಎರಡು ಮುಖದ ಊರು. ಒಂದು ಬದಿಗೆ ಮಿಲೆನಿಯಂ ಬಿಸಿನೆಸ್ ಪಾರ್ಕಿನ ಗಾಜಿನ ಕಟ್ಟಡಗಳು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು. ಇನ್ನೊಂದು ಬದಿಗೆ ಲೇತ್, ಗ್ರೈಂಡರ್, ಕೂಲಂಟ್ ಎಣ್ಣೆಯ ವಾಸನೆ. ನಡುವೆ ಆಗ್ರಿ ಜನರ ಹಳೆಯ ಹಳ್ಳಿ. ಬೆಳಿಗ್ಗೆ ಶೀಳ್‌ಫಾಟಾ ದಾರಿಯಾಗಿ ಡೊಂಬಿವಲಿ, ಕಲ್ಯಾಣಗಳಿಂದ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ನೂಕುನುಗ್ಗಲಿನಲ್ಲಿ ಎಲ್ಲಿಂದಲೋ ಒಂದು ‘ಸ್ವಲ್ಪ ಸರೀರಿ’ ಕೇಳಿಸಿದರೆ ಕಿವಿ ತಾನಾಗಿ ಆ ಕಡೆ ಹೊರಳುತ್ತದೆ.

ಅಮ್ಮ 2020ರ ಸಂಕ್ರಾಂತಿಗೆಂದು ಹಾಸನದಿಂದ ಬಂದರು. ಬರುವಾಗ ಟ್ರಂಕಿನಲ್ಲಿ ದಸರೆಯ ಗೊಂಬೆಗಳನ್ನೂ ಸಕ್ಕರೆ ಅಚ್ಚಿನ ಮರದ ಪಡಿಗಳನ್ನೂ ತಂದಿದ್ದರು. ಊರಿನ ಮನೆಗೆ ಬೀಗ ಹಾಕಿ ಎರಡು ತಿಂಗಳು ಇದ್ದು ಹೋಗುವ ಯೋಚನೆ. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಅಮ್ಮ ಇಲ್ಲೇ ಉಳಿದರು. ಮಗಳಿಗೆ ಆಗ ಹದಿನೇಳು. ಒಂದೇ ಕೋಣೆಯಲ್ಲಿ ಎರಡು ಮಂಚ, ಎರಡು ತಲೆಮಾರು, ಎರಡು ಭಾಷೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಊಟ-ತಿಂಡಿ-ಸ್ನಾನದಷ್ಟು ಆಡಲೂ ಬರುತ್ತದೆ. ಅದರಾಚೆಗೆ ಅವಳ ಮಾತು ಮರಾಠಿಗೆ ಜಾರುತ್ತದೆ. ಅಮ್ಮನಿಗೆ ಮರಾಠಿಯಲ್ಲಿ ಬರುತ್ತಿದ್ದದ್ದು ‘ಕಾಯ್’ ಮತ್ತು ‘ನಕೋ’ ಎಂಬ ಎರಡು ಪದ. ಅಜ್ಜಿ ಮೊಮ್ಮಗಳ ಮಾತು ದಿನಕ್ಕೆ ಹತ್ತು ವಾಕ್ಯಗಳಲ್ಲಿ ಮುಗಿದುಹೋಗುತ್ತಿತ್ತು. ಪ್ರೀತಿಗೆ ಕೊರತೆಯಿರಲಿಲ್ಲ, ಆಡಲು ವಿಷಯವಿರಲಿಲ್ಲ, ವಿಷಯ ಸಿಕ್ಕರೆ ಪದವಿರಲಿಲ್ಲ.

ಆ ದಿನಗಳಲ್ಲೇ ಮಗಳು ಮೊದಲ ತಾತ್ಯಾನಿಗೆ ಕೈ ಹಾಕಿದಳು. ಅಲ್ಯೂಮಿನಿಯಂ ತಂತಿಯನ್ನು ತಿರುಚಿ ಎಲುಬುಗೂಡು ಮಾಡಿದಳು. ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ತಲೆಗೂ ಎದೆಗೂ ತುಂಬಿ ಟೇಪು ಸುತ್ತಿದಳು. ಅದರ ಮೇಲೆ ನಲ್ಲಿಯ ಸೋರಿಕೆಗೆ ಹಚ್ಚುವ ಎಂ-ಸೀಲ್ ಅನ್ನು ಎರಡೂ ಭಾಗ ಸಮನಾಗಿ ಕಲಸಿ ಹೊದಿಸಿದಳು. ಕಲಸಿದ ಮೇಲೆ ಅದು ಗಟ್ಟಿಯಾಗಲು ಹೆಚ್ಚು ಹೊತ್ತು ಬೇಡ. ಅಷ್ಟರೊಳಗೆ ಮೂಗು, ಗದ್ದ, ಕಿವಿ ಮೂಡಬೇಕು. ಒದ್ದೆ ಬೆರಳು, ಹಲ್ಲುಕಡ್ಡಿ, ಹಳೆಯ ಟೂತ್‌ಬ್ರಷ್ಷು ಇವೇ ಆಯುಧ. ಗಟ್ಟಿಯಾದ ಮೇಲೆ ಉಪ್ಪುಕಾಗದ. ಮೊದಲು 220ರದು, ಆಮೇಲೆ 400, ಕೊನೆಗೆ ನೀರು ಹಚ್ಚಿ 800. ಮಾತನಾಡುವ ಗೊಂಬೆಗೆ ಬಾಯಿಯ ಎರಡು ಕೊನೆಗಳಿಂದ ಗದ್ದದವರೆಗೆ ಇಳಿಯುವ ಎರಡು ಗೆರೆಗಳಿರುತ್ತವೆ. ದವಡೆ ಕೆಳಗಿಳಿಯುವುದು ಆ ಸೀಳಿನೊಳಗೆ. ಗೇಣುದ್ದದ ಪ್ರತಿಮೆಯಲ್ಲಿ ದವಡೆ ಆಡಬೇಕಿಲ್ಲ, ಆದರೂ ಆ ಎರಡು ಗೆರೆಗಳಿಲ್ಲದೆ ತಾತ್ಯಾ ತಾತ್ಯಾ ಆಗುವುದಿಲ್ಲ.

ತೊಡಕು ಬಂದದ್ದು ಮುಖದಲ್ಲಿ. ಹೆದರಿಕೆ ಮತ್ತು ನಗು ಮುಖದ ಮೇಲೆ ಎಷ್ಟು ಹತ್ತಿರದ ನೆರೆಹೊರೆಯವರು ಎಂಬುದು ಆಗ ನನಗೂ ತಿಳಿಯಿತು. ಹುಬ್ಬು ಒಂದು ಕೂದಲೆಳೆಯಷ್ಟು ಕೆಳಗಿಳಿದರೆ ಬರಿಯ ಕ್ರೂರಿ; ಅಷ್ಟೇ ಮೇಲೇರಿದರೆ ಸರ್ಕಸ್ಸಿನ ವಿದೂಷಕ. ಕಣ್ಣುಗುಡ್ಡೆಯ ಮೇಲ್ಗಡೆ ಬಿಳಿ ಕಂಡರೆ ಬೆದರಿದವನ ನೋಟ, ಕೆಳರೆಪ್ಪೆ ಮೇಲೆದ್ದರೆ ನಗುವವನ ನೋಟ. ಮೂರು ತಲೆಗಳನ್ನು ಮಾಡಿ ಮೂರನ್ನೂ ಒಡೆದಳು. ನಾಲ್ಕನೆಯದನ್ನು ಅಮ್ಮ ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇವನಿಗೆ ಸಿಟ್ಟು ಇದೆ ಕಣೇ ಪುಟ್ಟಿ, ಆಸೆ ಇಲ್ಲ. ಇವನಿಗೆ ಏನು ಬೇಕಂತೆ?” ಎಂದರು.

ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮಗಳು ಇಡೀ ಕತೆಯನ್ನು ಕನ್ನಡದಲ್ಲಿ ಹೇಳಬೇಕಾಯಿತು. ಪದ ಸಿಗದ ಕಡೆ ನಿಂತಳು, ಕೈಸನ್ನೆ ಮಾಡಿದಳು, ನನ್ನನ್ನು ಕೇಳಿದಳು. ಪ್ರಾಣ ದಾಟಿಸುವುದಕ್ಕೆ ಅಮ್ಮನೇ ‘ಪರಕಾಯ ಪ್ರವೇಶ’ ಎಂಬ ಪದ ಕೊಟ್ಟರು. ತಾತ್ಯಾನಿಗೆ ಬೇಕಾದದ್ದು ಮನುಷ್ಯನ ಮೈ. ಗೊಂಬೆಯಾಗಿಯೇ ಕಾಲ ಕಳೆದರೆ ಎಂದೆಂದಿಗೂ ಗೊಂಬೆಯಾಗಿಯೇ ಉಳಿಯಬೇಕು; ಹೊರಬರಬೇಕಾದರೆ ತನ್ನ ಗುಟ್ಟನ್ನು ಮೊದಲು ಯಾರಿಗೆ ಬಿಟ್ಟುಕೊಟ್ಟನೋ ಆ ಲಕ್ಷ್ಯಾನ ಮೈಯನ್ನೇ ಹೊಗಬೇಕು. ಅಂದರೆ ಎಲ್ಲರನ್ನೂ ಹೆದರಿಸುವ ಈತನೇ ಎಲ್ಲರಿಗಿಂತ ಹೆಚ್ಚು ಹೆದರಿದವನು. ಮಂಡಿಯೆತ್ತರದ ಮೈಯೊಳಗೆ ಆಳೆತ್ತರದ ಸಿಟ್ಟು ತುರುಕಿಕೊಂಡು ಒದ್ದಾಡುತ್ತಾನೆ, ನಮಗೆ ನಗು ಬರುತ್ತದೆ. “ಹಂಗಾದ್ರೆ ಆಪ್ತಮಿತ್ರದ ನಾಗವಲ್ಲಿ ಥರ” ಎಂದರು ಅಮ್ಮ. 2004ರ ‘ಆಪ್ತಮಿತ್ರ’ ಅಮ್ಮ ಹಲವು ಬಾರಿ ನೋಡಿದ ಚಿತ್ರ. ಸೌಂದರ್ಯಾ ಗೆಜ್ಜೆ ಕಟ್ಟಿ ಎದುರಾದಾಗ ಉಸಿರು ಬಿಗಿಹಿಡಿಯುವಂತೆ ಮಾಡಿ, ಮರುಕ್ಷಣ ದ್ವಾರಕೀಶರಿಂದ ನಗಿಸುವ ಚಿತ್ರ ಅದು. ಅದರ ಮೂಲವಾದ ಮಲಯಾಳಂನ ‘ಮಣಿಚಿತ್ರತಾಳ್’ ಬಂದದ್ದೂ ‘ಝಪಾಟಲೇಲಾ’ ಬಂದ 1993ರಲ್ಲೇ. ಮಗಳು ಅಂದು ರಾತ್ರಿ ಅಜ್ಜಿಯೊಂದಿಗೆ ಕುಳಿತು ‘ಆಪ್ತಮಿತ್ರ’ ನೋಡಿದಳು. ಮರುದಿನ ಅಜ್ಜಿ ಮೊಮ್ಮಗಳೊಂದಿಗೆ ಕುಳಿತು ‘ಝಪಾಟಲೇಲಾ’ ನೋಡಿದರು. ಐದನೆಯ ತಲೆಯ ಕಣ್ಣಿನಲ್ಲಿ ಆಸೆ ಬಂತು. ಹೇಗೆ ಬಂತೆಂದು ಅವಳಿಗೂ ಹೇಳಲಾಗದು. ಮೇಲ್ರೆಪ್ಪೆ ಒಂದಿಷ್ಟು ಇಳಿದಿತ್ತು, ನೋಟ ನಮ್ಮನ್ನು ದಾಟಿ ಹಿಂದೆ ಯಾರನ್ನೋ ಹುಡುಕುವಂತಿತ್ತು.

ಒಂದು ಒಳ್ಳೆಯ ತಲೆ ದೊರೆತ ಮೇಲೆ ಅದರಿಂದ ಹಲವು ತೆಗೆಯುವ ಆಸೆ ಸಹಜ. ಇಲ್ಲಿಗೆ ನನ್ನ ಕಸುಬು ಕೆಲಸಕ್ಕೆ ಬಂತು. ಓಡಾಟ ಸಡಿಲವಾದ ನಂತರ, ಮಾಲೀಕರ ಒಪ್ಪಿಗೆ ಪಡೆದು ಭಾನುವಾರಗಳಂದು ವರ್ಕ್‌ಶಾಪಿನ ಒಂದು ಮೂಲೆಯಲ್ಲಿ ಕೆಲಸ ಶುರುವಾಯಿತು. ವಾರವೆಲ್ಲ ಕಿವಿಗಡಚಿಕ್ಕುವ ಶೆಡ್ಡು ಭಾನುವಾರ ಪಾರಿವಾಳಗಳ ಪಾಲು. ನಾನು ಮಾಡುವ ಉಕ್ಕಿನ ಅಚ್ಚು ಲಕ್ಷಗಟ್ಟಲೆ ಮುಚ್ಚಳಗಳನ್ನು ಹೆರುತ್ತದೆ. ಮಗಳ ಅಚ್ಚು ಸಿಲಿಕೋನ್ ರಬ್ಬರಿನದು. ಇಪ್ಪತ್ತೋ ಮೂವತ್ತೋ ಎರಕಗಳಿಗೆ ಅದರ ಅಂಚು ಹರಿಯತೊಡಗುತ್ತದೆ. ಮೂಲ ತಲೆಯನ್ನು ಅರ್ಧದವರೆಗೆ ಜೇಡಿಯಲ್ಲಿ ಹೂತು, ಸುತ್ತ ಗೋಡೆ ಕಟ್ಟಿ, ಕಲಸಿದ ರಬ್ಬರನ್ನು ಹೊಯ್ಯಬೇಕು. ಅದು ಗಟ್ಟಿಯಾದ ಮೇಲೆ ತಿರುಗಿಸಿ, ಜೇಡಿ ಬಿಡಿಸಿ, ವ್ಯಾಸಲೀನ್ ಸವರಿ ಮತ್ತೊಂದು ಅರ್ಧ ಹೊಯ್ಯಬೇಕು. ಎರಡು ಅರ್ಧಗಳನ್ನು ಜೋಡಿಸಿ ರಬ್ಬರ್ ಬ್ಯಾಂಡು ಹಾಕಿ, ಮೇಲಿನ ತೂತಿನಿಂದ ರೆಸಿನ್ ಎರೆಯಬೇಕು. ಎರೆಯುವಾಗ ಕೈಗವಸು, ಮುಖಕ್ಕೆ ಮಾಸ್ಕು, ಕಿಟಕಿ ತೆರೆದಿರಬೇಕು. ಈ ವಿಷಯದಲ್ಲಿ ನನ್ನ ಮನೆಯಲ್ಲಿ ರಾಜಿಯಿಲ್ಲ.

ಒಂದು ಭಾನುವಾರ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಎರಡು ಅರ್ಧಗಳನ್ನು ಕಂಡೊಡನೆ ಅಮ್ಮ, “ಇದು ನಮ್ಮ ಸಕ್ಕರೆ ಅಚ್ಚೇ ಕಣೋ” ಎಂದರು. ಹೌದು, ಅದೇ. ಸಂಕ್ರಾಂತಿಗೆ ಮುನ್ನ ಮರದ ಪಡಿಗಳನ್ನು ನೀರಿನಲ್ಲಿ ನೆನೆಹಾಕುವುದು ಪಾಕ ಅಂಟದಿರಲೆಂದು. ಇಲ್ಲಿ ವ್ಯಾಸಲೀನ್ ಮಾಡುವ ಕೆಲಸವನ್ನು ಅಲ್ಲಿ ನೀರು ಮಾಡುತ್ತದೆ. ದಾರ ಸುತ್ತಿ ಬಿಗಿಯುವುದು, ತೂತಿನಿಂದ ಕಾದ ಪಾಕ ಹೊಯ್ಯುವುದು, ಆರಿದ ಮೇಲೆ ಬಿಡಿಸಿ ಅಂಚಿನ ಹೆಚ್ಚುವರಿಯನ್ನು ಚಾಕುವಿನಿಂದ ಹೆರೆಯುವುದು, ಎಲ್ಲವೂ ಒಂದೇ. ಮಗಳು ರೆಸಿನ್ನನ್ನು ಒಮ್ಮೆಲೆ ಸುರಿಯಹೊರಟಾಗ ಅಮ್ಮ ತಡೆದರು. “ಒಂದೇ ಮೂಲೆಯಿಂದ ಸಣ್ಣಗೆ ಬಿಡು, ಗುಳ್ಳೆ ಮೇಲಕ್ಕೆ ಬರಲಿ.” ನನ್ನ ವೃತ್ತಿಯ ಕೈಪಿಡಿಗಳಲ್ಲಿಯೂ ಇರುವುದು ಇದೇ ಮಾತು. ಮಳೆಗಾಲದಲ್ಲಿ ಮಾತ್ರ ಅಮ್ಮನ ಅನುಭವವೂ ಸಾಲದಾಯಿತು. ಜುಲೈಯಲ್ಲಿ ಪಾರಸಿಕ್ ಗುಡ್ಡದಿಂದ ಇಳಿಯುವ ತೇವಕ್ಕೆ ಈ ಜಾತಿಯ ರೆಸಿನ್ ನೊರೆಯೇಳುತ್ತದೆ. ತಾತ್ಯಾನ ಕೆನ್ನೆ ಸೆಟ್‌ದೋಸೆಯಂತೆ ತೂತುತೂತಾಗುತ್ತದೆ. ಅದಕ್ಕೆ ಮಗಳು ಲೋಟ, ಕಡ್ಡಿ, ಅಚ್ಚು ಎಲ್ಲವನ್ನೂ ಹೇರ್ ಡ್ರೈಯರಿನಿಂದ ಒಣಗಿಸಿಕೊಂಡು ಕೆಲಸಕ್ಕೆ ಕೂರುತ್ತಾಳೆ.

ಅಚ್ಚು, ಎರಕ. ಇಪ್ಪತ್ತೈದು ವರ್ಷ ನಾನು ‘ಮೋಲ್ಡ್’, ‘ಕಾಸ್ಟಿಂಗ್’ ಎನ್ನುತ್ತ ಬಂದವನು. ಈ ಎರಡು ಪದಗಳು ಮತ್ತೆ ನನ್ನ ಬಾಯಿಗೆ ಬಂದದ್ದು ಅಮ್ಮನಿಂದ, ಆ ಶೆಡ್ಡಿನಲ್ಲಿ. ಹಳಗನ್ನಡದಲ್ಲಿ ಎರಕ ಎಂಬುದಕ್ಕೆ ಪ್ರೀತಿ, ಅನುರಾಗ ಎಂಬ ಅರ್ಥವೂ ಇದೆ. ಕಾದು ಕರಗಿದ್ದು ಇನ್ನೊಂದರ ಆಕಾರಕ್ಕೆ ಒಗ್ಗಿಕೊಳ್ಳುವುದನ್ನು ಕಂಡವರು ಆ ಅರ್ಥ ಕೊಟ್ಟಿರಬೇಕು.

ಉಡುಪು ಹೊಲಿಯುವ ಭಾರ ಅಮ್ಮನದಾಯಿತು. ರವಿಕೆಯ ಚೂರು, ನನ್ನ ಹಳೆಯ ಪ್ಯಾಂಟಿನ ಒಳಜೇಬು, ಹೆಂಡತಿಯ ಸೀರೆಯ ಅಂಚು ಎಲ್ಲವೂ ತಾತ್ಯಾನ ಮೈಗೇರಿದವು. ಚಿಕ್ಕ ಉಡುಪಿಗೆ ದಪ್ಪ ಬಟ್ಟೆ ಒಗ್ಗದು. ಮಡಿಕೆಗಳು ಸೆಟೆದು ನಿಂತು ಗೊಂಬೆ ಬೋರ್ಡಿನಂತೆ ಕಾಣುತ್ತದೆ. ತೊಳೆದು ತೊಳೆದು ಮೆತ್ತಗಾದ ಹತ್ತಿಯೇ ಸರಿ ಎಂಬುದು ಅಮ್ಮನ ತೀರ್ಮಾನ. ಹೊಲಿಯುತ್ತ ಹೊಲಿಯುತ್ತ ಅಮ್ಮ ತಾತ್ಯಾನಿಗೆ ದನಿ ಕೊಡಲಾರಂಭಿಸಿದರು. ಊರಿನಲ್ಲಿ ಬಡ್ಡಿ ವಸೂಲಿಗೆ ಬರುತ್ತಿದ್ದ ಯಾವನೋ ಒಬ್ಬನ ದನಿಯಂತೆ ಅದು: “ಏಯ್, ಯಾವನ್ಲಾ ಅವ್ನು, ನನ್ ಮೈ ಎಲ್ಲಿಟ್ಟಿದ್ಯಲಾ?” ಮಗಳು ಬಿದ್ದು ಬಿದ್ದು ನಕ್ಕಳು. ಲಕ್ಷ್ಯಾನ ಪರವಾಗಿ ತಾನು ಉತ್ತರ ಕೊಡತೊಡಗಿದಳು. ತಾತ್ಯಾ ಹಾಸನದ ಕನ್ನಡದಲ್ಲಿ ಕೇಳಿದರೆ ಲಕ್ಷ್ಯಾ ಇನ್ನಾವ ಭಾಷೆಯಲ್ಲಿ ಉತ್ತರಿಸಬೇಕು? ಮಾತನಾಡುವ ಗೊಂಬೆ ಎಂದಾಗ ನಮ್ಮಲ್ಲಿ ನೆನಪಾಗುವುದು ಇಂದುಶ್ರೀ ಮತ್ತು ಅವರ ಡಿಂಕು. ಡಿಂಕು ತುಂಟ, ಮುದ್ದು ಮಗು. ಅಮ್ಮನ ತಾತ್ಯಾ ಆ ಜಾತಿಯವನಲ್ಲ, ಬೈಗುಳದ ಭಂಡಾರಿ. ಮಗುವಿಗೆ ಭಾಷೆ ಬರುವುದು ಮೊದಲು ಮುದ್ದಿನಿಂದ, ಆಮೇಲೆ ಜಗಳದಿಂದ. ಊರಿನಿಂದ ದೂರ ಬೆಳೆದ ಮಕ್ಕಳಿಗೆ ಮುದ್ದಿನ ಕನ್ನಡ ಸಿಗುತ್ತದೆ, ಜಗಳದ ಕನ್ನಡ ಸಿಗುವುದಿಲ್ಲ. ನನ್ನ ಮಗಳಿಗೆ ಅದನ್ನು ದೆವ್ವ ಮೆಟ್ಟಿದ ಗೊಂಬೆ ಕಲಿಸಿತು.

ದೆವ್ವದ ಮಾತಿನಿಂದ ಮಾತು ಬಂದು ಅಮ್ಮ ಒಂದು ಸಂಜೆ ‘ನಾಳೆ ಬಾ’ ಕತೆ ಹೇಳಿದರು. ಓದುಗರಲ್ಲಿ ಹಲವರಿಗೆ ನೆನಪಿರಬಹುದು. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಮನೆಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದಿರುತ್ತಿದ್ದ ಎರಡು ಪದ. ರಾತ್ರಿ ಒಂದು ಹೆಣ್ಣುದೆವ್ವ ಬಂದು ಬಾಗಿಲು ತಟ್ಟುತ್ತದೆ. ಮನೆಯವರದೇ ದನಿಯಲ್ಲಿ, ತಾಯಿಯದೋ ಮಗಳದೋ ದನಿಯಲ್ಲಿ ಕರೆಯುತ್ತದೆ. ತೆರೆದವರ ಕತೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಅಕ್ಷರ ಬಲ್ಲ, ವಿಧೇಯ, ಸ್ವಲ್ಪ ಪೆದ್ದಾದ ದೆವ್ವ. ಹೆದರಿಕೆ-ನಗುಗಳ ಬೆರಕೆಗೆ ಇದಕ್ಕಿಂತ ಹಳ್ಳಿಯ ಮಾದರಿ ಬೇಕೆ? ಮಗಳು ಎದ್ದು ಕುಳಿತಳು. “ಅಜ್ಜಿ, ಇದು ‘ಸ್ತ್ರೀ’ ಸಿನಿಮಾ!” 2018ರ ಆ ಹಿಂದಿ ಚಿತ್ರದಲ್ಲಿ ಗೋಡೆಗಳ ಮೇಲೆ ‘ಓ ಸ್ತ್ರೀ ಕಲ್ ಆನಾ’ ಎಂದು ಬರೆದಿರುತ್ತಾರೆ. ತಾನು ಗೆಳತಿಯರೊಂದಿಗೆ ಥಿಯೇಟರಿನಲ್ಲಿ ಕಿರುಚಿ ನಕ್ಕ ಕತೆ ತನ್ನ ಅಜ್ಜಿಯ ಬಾಗಿಲಿನಿಂದ ಹೊರಟದ್ದೆಂದು ತಿಳಿದಾಗ ಅವಳ ಮುಖದಲ್ಲಿ ಮೂಡಿದ ಬೆರಗನ್ನು ನಾನು ಬಲ್ಲೆ. ಅವಳ ಯಾವ ಗೊಂಬೆಯ ಮೇಲೂ ಅದು ಇನ್ನೂ ಮೂಡಿಲ್ಲ.

ಮರುವಾರ ಅವಳು ತಾತ್ಯಾನ ಹಿಂದೆ ನಿಲ್ಲಿಸಲು ಒಂದು ಬಾಗಿಲು ಮಾಡಿದಳು. ಐಸ್‌ಕ್ರೀಮಿನ ಕಡ್ಡಿಗಳನ್ನು ಸಾಲಾಗಿ ಅಂಟಿಸಿ, ಕಾಫಿ ಡಿಕಾಕ್ಷನ್ನಿನಿಂದ ಬಣ್ಣ ಕೊಟ್ಟು, ತಂತಿಯ ಚಿಲಕ ಹಾಕಿದಳು. ಮನುಷ್ಯನ ಮೈ ಹುಡುಕಿ ಹೊರಟ ತಾತ್ಯಾ ಕರ್ನಾಟಕದ ಒಂದು ಮನೆಯ ಮುಂದೆ ಬಂದು ನಿಂತಿದ್ದಾನೆ, ಬಾಗಿಲ ಮೇಲೆ ಬರೆದಿದೆ. ಆದರೆ ಬರೆಯುವವರು ಯಾರು? ಅಮ್ಮ, “ನಿನ್ನ ಗೊಂಬೆ, ನೀನೇ ಬರಿ” ಎಂದು ಪೆನ್ಸಿಲು ಕೈಗಿಟ್ಟರು. ನಾ, ಳೆ, ಬಾ. ಮೂರೇ ಅಕ್ಷರ. ಶಾಲೆಯಲ್ಲಿ ದೇವನಾಗರಿ ಕಲಿತ ಕೈಗೆ ಕನ್ನಡದ ದುಂಡು ಒಗ್ಗಲಿಲ್ಲ. ಅವಳು ಮೊದಲು ತಲೆಗೆರೆ ಎಳೆದಳು, ಅದರಿಂದ ಅಕ್ಷರಗಳನ್ನು ನೇತುಹಾಕಲು ಹೋದಳು. ಅಮ್ಮ ಅವಳ ಕೈ ಹಿಡಿದು, ಗೆರೆ ಬೇಡ, ತಲೆಕಟ್ಟು ಸಾಕು ಎಂದು ತಿದ್ದಿಸಿದರು. ಓದುವಾಗ ಮಾತ್ರ ‘ಳೆ’ ಸ್ಪಷ್ಟವಾಗಿತ್ತು. ಹಿಂದಿಯಲ್ಲಿಲ್ಲದ ಳಕಾರ ಮರಾಠಿಯಲ್ಲಿ ಇದೆ. ಎಷ್ಟೋ ವರ್ಷಗಳಿಂದ ನೆರೆಯ ಭಾಷೆ ನಮ್ಮ ಒಂದು ಅಕ್ಷರವನ್ನು ಅವಳ ನಾಲಿಗೆಯ ಮೇಲೆ ಜೋಪಾನವಾಗಿ ಕಾದಿಟ್ಟಿತ್ತು.

ಆ ಬಾಗಿಲನ್ನು ನೋಡುವಾಗಲೆಲ್ಲ ನನಗೆ ನಮ್ಮಂಥವರ ಮನೆಗಳು ನೆನಪಾಗುತ್ತವೆ. ಡೊಂಬಿವಲಿಯಲ್ಲಿ, ಕಲ್ಯಾಣದಲ್ಲಿ, ವಾಶಿಯಲ್ಲಿ, ಇನ್ನೂ ದೂರದ ಪುಣೆಯಲ್ಲೋ ದೆಹಲಿಯಲ್ಲೋ ದುಬೈಯಲ್ಲೋ ಇರುವ ನಮ್ಮ ಬಾಗಿಲುಗಳನ್ನು ಕನ್ನಡ ಬಂದು ತಟ್ಟುತ್ತದೆ, ಅದೂ ತಾಯಿಯ ದನಿಯಲ್ಲಿಯೇ. ಒಳಗಿನವರಿಗೆ ದ್ವೇಷವೇನಿಲ್ಲ. ಈ ವರ್ಷ ಹತ್ತನೆಯ ತರಗತಿ, ಬರುವ ರಜೆಯಲ್ಲಿ ಕಲಿಯಲಿ. ಈ ರಜೆಯಲ್ಲಿ ಟ್ಯೂಷನ್, ಊರಿಗೆ ಹೋದಾಗ ಕಲಿಯಲಿ. ದೆವ್ವಕ್ಕೆ ಹೇಳುವ ಮಾತನ್ನೇ ಭಾಷೆಗೂ ಹೇಳಿ ಕಳಿಸಲಾಗುತ್ತದೆ. ವ್ಯತ್ಯಾಸವೆಂದರೆ, ದೆವ್ವ ಮರುದಿನ ತಪ್ಪದೆ ಬರುತ್ತಿತ್ತಂತೆ. ಭಾಷೆ ಅಷ್ಟು ವಿಧೇಯವಲ್ಲ. ಕೆಲವು ಬಾರಿ ಬಂದು, ಆಮೇಲೆ ಆ ಬೀದಿಗೇ ಬರುವುದನ್ನು ಬಿಡುತ್ತದೆ. ನಮ್ಮ ಮನೆಗೆ ಅದು ಮುಂಬಾಗಿಲು ಬಿಟ್ಟು ಬೇರೊಂದು ಬಾಗಿಲಿನಿಂದ, ಮರಾಠಿ ಗೊಂಬೆಯೊಂದರ ಬೆನ್ನೇರಿ ಬಂತು. ಮಕ್ಕಳಿಗೆ ಏನನ್ನಾದರೂ ದಾಟಿಸಬೇಕಾದರೆ ಅವರಿಗೆ ಪ್ರಿಯವಾದ 
ವಸ್ತುವಿನ ಬಳಿ ನಾವೇ ಹೋಗಿ ಕೂರಬೇಕು ಎಂಬುದನ್ನು ಅಮ್ಮ ಯಾರಿಂದಲೂ ಕೇಳಿ ತಿಳಿದವರಲ್ಲ. ಅವರು ಸುಮ್ಮನೆ ಕನ್ನಡಕ ಹಾಕಿಕೊಂಡು, ಇವನಿಗೆ ಏನು ಬೇಕಂತೆ ಎಂದು ಕೇಳಿದರು.

ದಸರೆ ಬಂದಾಗ ಅಮ್ಮ ಟ್ರಂಕು ತೆರೆದರು. ಮೇಲಿನ ಮೆಟ್ಟಿಲಿಗೆ ಪಟ್ಟದ ಗೊಂಬೆಗಳು, ಅವುಗಳ ಕೆಳಗೆ ಚನ್ನಪಟ್ಟಣದ ಅರಗಿನ ಬಣ್ಣದವು, ಅವುಗಳ ಪಕ್ಕ ಯಾವ ಕಾಲದಲ್ಲೋ ಮನೆಗೆ ಬಂದ ಕಿನ್ನಾಳದ ಗೌರಿ. ಕಿನ್ನಾಳದ ಚಿತ್ರಗಾರರು ಜೋಡಿಸಿದ ಹಗುರ ಮರದ ಭಾಗಗಳ ಮೇಲೆ ಬಳಿಯುವುದು ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಮಿಶ್ರಣವನ್ನು ಎಂದು ಹೇಳಿದಾಗ ಮಗಳು, “ಅವರ ಎಂ-ಸೀಲ್!” ಎಂದಳು. ಕೆಳಗಿನ ಮೆಟ್ಟಿಲಲ್ಲಿ ಎಂದಿನಂತೆ ಅಕ್ಕಿ, ಬೇಳೆ, ಬೆಲ್ಲದ ಅಂಗಡಿ ಹಾಕಿಕೊಂಡ ಶೆಟ್ಟಿ-ಶೆಟ್ಟಿತಿ. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕೆಂಬ ಪದ್ಧತಿಯಿದೆಯಷ್ಟೆ. ಮಗಳು ತಾತ್ಯಾನನ್ನು ಹಿಡಿದು ಅಂಜುತ್ತ ನಿಂತಿದ್ದಳು. ದೇವರುಗಳ ಸಾಲಿನಲ್ಲಿ ಕೊಲೆಗಾರನಿಗೆ ಜಾಗವುಂಟೆ ಎಂಬ ಅಳುಕು ನನ್ನಾಕೆಗೂ ಇತ್ತು. ಅಮ್ಮ ಅವನನ್ನು ಇಸಿದುಕೊಂಡು ಶೆಟ್ಟಿಯ ಅಂಗಡಿಯ ಪಕ್ಕದಲ್ಲಿ ನಿಲ್ಲಿಸಿದರು. “ಅಂಗಡಿ ಕಾಯಲಿ.” ಕಳ್ಳನನ್ನೇ ಕಾವಲಿಗೆ ಇಟ್ಟ ಹಾಗಾಯಿತಲ್ಲಮ್ಮ ಎಂದೆ. “ಕೆಲಸ ಕೊಟ್ಟರೆ ಕಳ್ಳನೂ ತಣ್ಣಗಿರ್ತಾನೆ ಬಿಡೋ” ಎಂದರು.

ಹಿಂದೆ ನಮ್ಮ ಮನೆಯ ಗೊಂಬೆ ನೋಡಲು ನೆರೆಯವರು ಬಂದು, ಚೆನ್ನಾಗಿದೆ ಎಂದು ಬಾಗಿನ ತೆಗೆದುಕೊಂಡು ಹೋಗುತ್ತಿದ್ದರು. ಆ ಸಲ ಒಂದು ಮಗು ತಾತ್ಯಾನನ್ನು ಕಂಡು ‘ಓಂ ಫಟ್ ಸ್ವಾಹಾ’ ಎಂದು ಕೂಗಿತು. ಮರುದಿನ ಕಟ್ಟಡದ ಮಕ್ಕಳೆಲ್ಲ ಬಾಗಿಲಲ್ಲಿ. ಅಮ್ಮ ಮೆಟ್ಟಿಲ ಹಿಂದೆ ಕುಳಿತು ಬಡ್ಡಿಯವನ ದನಿಯಲ್ಲಿ ಗದರಿಸಿದರು. ಒಂದಕ್ಷರ ಅರ್ಥವಾಗದಿದ್ದರೂ ಮಕ್ಕಳು ಹೌಹಾರಿ ಹಿಂದೆ ಸರಿದವು, ಆಮೇಲೆ ನಕ್ಕವು, ಆಮೇಲೆ ಅದರರ್ಥವೇನೆಂದು ಕೇಳಿದವು. ಅರ್ಥ ಹೇಳುವ ಕೆಲಸ ಮಗಳದು. ಕನ್ನಡದಿಂದ ಮರಾಠಿಗೆ ಅವಳ ಮೊದಲ ಅನುವಾದಗಳು ಹೀಗೆ ಬೈಗುಳಗಳಾಗಿದ್ದವು.

ಈಗ ಅವಳು ಹೊಸದೊಂದನ್ನು ಹಿಡಿದಿದ್ದಾಳೆ. ತಾತ್ಯಾನಿಗೆ ನೋಡಿ ಮಾಡಲು ಚಿತ್ರವಿತ್ತು. ಇದಕ್ಕೆ ಏನೂ ಇಲ್ಲ. ‘ನಾಳೆ ಬಾ’ ಬಾಗಿಲಿನ ಹೊರಗೆ ನಿಲ್ಲುತ್ತಿದ್ದ ಆ ಹೆಣ್ಣನ್ನು ಮಾಡಬೇಕಂತೆ. ಅಜ್ಜಿಯ ಮುಂದೆ ನೋಟ್‌ಬುಕ್ಕು ಹಿಡಿದು ಕುಳಿತು, ಪೊಲೀಸರು ಸಾಕ್ಷಿಯನ್ನು ಕೇಳುವಂತೆ ಕೇಳಿದಳು: ಎತ್ತರವೆಷ್ಟು, ಕೂದಲು ಬಿಚ್ಚಿತ್ತೇ, ಸೀರೆ ಯಾವ ಬಣ್ಣದ್ದು, ಕಣ್ಣು ಹೇಗಿತ್ತು?

“ಬಾಗಿಲು ತೆಗೆದಿದ್ರೆ ತಾನೇ ಗೊತ್ತಾಗೋದು” ಎಂದರು ಅಮ್ಮ. “ದನಿ ಮಾತ್ರ ನಮ್ಮಮ್ಮನ ಥರಾನೇ ಇರ್ತಿತ್ತಂತೆ.”

ಮಗಳು ಬಹಳ ಹೊತ್ತು ಏನೂ ಬರೆದುಕೊಳ್ಳಲಿಲ್ಲ. ಆಮೇಲೆ, ಮುತ್ತಜ್ಜಿಯ ಫೋಟೊ ಇದೆಯೇ ಎಂದು ಕೇಳಿದಳು. ಟ್ರಂಕಿನ ತಳದಲ್ಲಿ ಒಂದಿತ್ತು, ಅಂಚು ಹರಿದದ್ದು, ಮುಖ ಅರ್ಧ ಮಾಸಿದ್ದು. ಅದನ್ನು ದೀಪದ ಬೆಳಕಿಗೆ ಹಿಡಿದು ಇಬ್ಬರೂ ನೋಡುತ್ತ ಕುಳಿತರು. ಅಮ್ಮ ಒಂದೊಂದೇ ಹೇಳುತ್ತ ಹೋದರು, ಮೂಗುಬೊಟ್ಟು ಎಡಕ್ಕಿತ್ತು, ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು, ಮಾತಿಗೆ ಮುಂಚೆ ‘ಕೇಳಿಲ್ಲಿ’ ಎನ್ನುತ್ತಿದ್ದಳು. ಮೇಜಿನ ಮೇಲೆ ತಂತಿಯ ಎಲುಬುಗೂಡು ಸಿದ್ಧವಾಗಿದೆ, ಒಂದು ಕೈ ಬಾಗಿಲು ತಟ್ಟಲೆಂದು ಎತ್ತಿಕೊಂಡಿದೆ. ಈ ಸಲದ ದಸರೆಗೆ ಮುನ್ನ ಅದಕ್ಕೊಂದು ಮುಖ ಬರಬೇಕು.